ಇಪ್ಪತ್ತು ಸಾಲು, ಇಪ್ಪತ್ತು ತೋಟಾ

ಕೋವಿಯ ಮದ್ದು ಬೀಳುವ ಸದ್ದು ಕೇಳಬೇಕೆಂದರೆ ಉಸಿರು ಹಿಡಿದು ಕೂರಬೇಕು. ಮೊರದಿಂದ ಸಣ್ಣ ಕಾಳು ಜಾರಿದಂಥ ಸದ್ದು ಅದು. ಹುಟ್ಟುವಾಗಲೇ ಮುಗಿದುಹೋಗುತ್ತದೆ. ಸಿಗ್ನಿ ಅದನ್ನು ಮೊದಲ ಸಲ ಕೇಳಿದ ದಿನ, ಇಷ್ಟು ಮೆತ್ತಗಿನ ವಸ್ತುವಿನೊಳಗೆ ಅಷ್ಟು ದೊಡ್ಡ ಗುಡುಗು ಹೇಗೆ ಮಲಗಿದೆಯೋ ಎಂದು ಬೆರಗಾಗಿದ್ದಳು.

ಓರ್ವಿಲ್ ಟ್ವೇಟ್ ಮುದುಕನ ಕೊಟ್ಟಿಗೆ ಅದು. ಕಣಿವೆಯ ಕೊನೆಯ ಮನೆ. ಅದರಾಚೆ ಬೆಟ್ಟ, ಬೆಟ್ಟದಾಚೆ ಮೊಂಟಾನಾದ ಆಕಾಶವಲ್ಲದೆ ಇನ್ನೇನೂ ಇಲ್ಲ. ತಾನು ಓಡಿಸುವ ಶಾಲೆಯ ಹಳದಿ ಬಸ್ಸನ್ನು ಊರಿನಲ್ಲಿ ನಿಲ್ಲಿಸಿ, ವಾರಕ್ಕೆರಡು ಸಂಜೆ ಸಿಗ್ನಿ ಇಲ್ಲಿಗೆ ಬರುತ್ತಿದ್ದಳು. ಅವಳಿಗೆ ಐವತ್ತೆರಡು. ಅಪ್ಪ ಬಿಟ್ಟುಹೋದ ಹಳೆಯ ಕೋವಿಯೊಂದು ಅವಳಿಗೂ ತಮ್ಮ ಡೆಲ್ಮರ್‌ನಿಗೂ ಸೇರಿ ಬಂದಿತ್ತು. ಕೋವಿಯೇನೋ ಬಂತು, ಅದರ ತೋಟಾ ಮಾತ್ರ ಯಾವ ಅಂಗಡಿಯಲ್ಲೂ ಇಲ್ಲ. ಊರ ಅಂಗಡಿಯವನು ನಕ್ಕಿದ್ದ: "ಆ ಅಳತೆದು ಮಾಡೋದು ಬಿಟ್ಟು ನಮ್ಮಪ್ಪನ ಕಾಲ ಆಯ್ತು ಸಿಗ್ನಿ. ಗೋಡೆಗೆ ನೇತುಹಾಕು, ಚೆನ್ನಾಗಿ ಕಾಣತ್ತೆ."

ಗೋಡೆಗೆ ಹಾಕಲು ಅವಳಿಗೆ ಮನಸ್ಸಾಗಲಿಲ್ಲ. ಅಕ್ಟೋಬರ್ ಕೊನೆಯ ಶನಿವಾರ ಜಿಂಕೆ ಬೇಟೆ ತೆರೆಯುವ ದಿನ. ಆ ದಿನ ಅಪ್ಪನ ಕೋವಿ ಹೊಳೆಯಂಚಿನ ಪೊದೆಗಳ ನಡುವೆ ಇನ್ನೊಮ್ಮೆ ಮಾತಾಡಬೇಕು. ಅದಕ್ಕಿದ್ದ ದಾರಿ ಒಂದೇ, ಹಳೆಯ ಹಿತ್ತಾಳೆ ಚಿಪ್ಪುಗಳನ್ನೇ ತೊಳೆದು, ಕಿಡಿ ಹಾರಿಸುವ ಹೊಸ ಕೇಪು ಕೂಡಿಸಿ, ಮದ್ದು ತುಂಬಿ, ಸೀಸದ ಗುಂಡು ಒತ್ತಿ ತಾನೇ ತೋಟಾ ಕಟ್ಟುವುದು. ಈ ವಿದ್ಯೆ ಕಣಿವೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಓರ್ವಿಲ್.

ಮೊದಲ ತಿಂಗಳು ಅವನು ಅವಳಿಗೆ ಮದ್ದು ತೋರಿಸಲೇ ಇಲ್ಲ. ದಪ್ಪನೆಯ ಪುಸ್ತಕವೊಂದನ್ನು ಕೈಗಿತ್ತ. ಯಾವ ತೋಟಾಕ್ಕೆ ಯಾವ ಮದ್ದು, ಎಷ್ಟರಿಂದ ಶುರು, ಎಷ್ಟಕ್ಕೆ ನಿಲ್ಲಿಸಬೇಕು, ಎಲ್ಲ ಅದರಲ್ಲಿತ್ತು.

"ನೆನಪಿಂದ ತುಂಬಬೇಡ. ನನ್ನ ಮಾತು ನಂಬಿ ತುಂಬಬೇಡ. ಪುಸ್ತಕ ತೆಗಿ, ಬೆರಳಿಟ್ಟು ಓದು, ಕಡಿಮೆ ಅಳತೆಯಿಂದ ಶುರು ಮಾಡು," ಎಂದ.

"ಅಷ್ಟು ವರ್ಷ ಮಾಡಿರೋ ನೀವೂ ಓದ್ತೀರಾ?"

"ಅಷ್ಟು ವರ್ಷ ಬದುಕಿರೋದು ಹೇಗೆ ಅಂದ್ಕೊಂಡಿದೀಯಾ?"

ಕೊಟ್ಟಿಗೆಯ ನಿಯಮಗಳು ಗೋಡೆಯ ಮೇಲಿರಲಿಲ್ಲ, ಅವನ ಬಾಯಲ್ಲಿದ್ದವು. ಕಣ್ಣಿಗೆ ಕನ್ನಡಕ. ಒಲೆ ಹೊತ್ತಿಸುವಂತಿಲ್ಲ, ಚಳಿಯಾದರೆ ಇನ್ನೊಂದು ಕೋಟು. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ, ಎರಡನೆಯದು ಬೀಗದೊಳಗೆ. ಮುಗಿದ ಮೇಲೆ ಕೈ ತೊಳೆಯದೆ ರೊಟ್ಟಿ ಮುಟ್ಟಿದರೆ ಬೈಗುಳ, ಸೀಸ ಹೊಟ್ಟೆಗೆ ಹೋಗುತ್ತದೆಂದು. ರೇಡಿಯೋ ಇಲ್ಲ, ಕಾಫಿ ಇಲ್ಲ, ಹರಟೆ ಇಲ್ಲ. ಪದ್ಯಕ್ಕೆ ಮಾತ್ರ ತಡೆಯಿರಲಿಲ್ಲ.

ಓರ್ವಿಲ್ ಪದ್ಯ ಹೇಳುತ್ತ ಮದ್ದು ತುಂಬುವವನು. ಅವನ ಅಜ್ಜಿ ನಾರ್ವೆಯಿಂದ ತಂದ ಸ್ತೋತ್ರಗಳು, ಅರ್ಥ ಅರ್ಧ ಮರೆತುಹೋದವು. ಒಂದು ಸಾಲಿಗೆ ಒಂದು ಚಿಪ್ಪು. ಅಂಕಿ ಎಣಿಸಿದರೆ ಮನಸ್ಸು ಓಡಿಹೋಗುತ್ತದೆ, ದೇವರ ಮಾತಾದರೆ ನಿಲ್ಲುತ್ತದೆ ಎಂಬುದು ಅವನ ನಂಬಿಕೆ. ಅದು ಅವನಿಗೆ ಹರಟೆಯಲ್ಲ, ಪ್ರಾರ್ಥನೆ. ಐವತ್ತು ವರ್ಷ ಒಂದು ಚಿಪ್ಪೂ ತಪ್ಪಿರಲಿಲ್ಲ.

"ನಿನಗ್ಯಾವುದು ಬಾಯಿಗೆ ಬರತ್ತೆ?" ಎಂದು ಕೇಳಿದ್ದ.

ಸಿಗ್ನಿಗೆ ಬಾಯಿಗೆ ಬರುವುದು ಒಂದೇ. ಮಲಗುವ ಹೊತ್ತು ಅಪ್ಪ ಹಾಸಿಗೆಯಂಚಿನಲ್ಲಿ ಕೂತು ಹೇಳುತ್ತಿದ್ದ ಪದ್ಯ. ಯಾರು ಕಟ್ಟಿದ್ದೋ, ಅವನ ಅಮ್ಮನೇ ಇರಬೇಕು. ಸರಿಯಾಗಿ ಇಪ್ಪತ್ತು ಸಾಲು. ಚಿಪ್ಪು ನಿಲ್ಲಿಸುವ ಮರದ ಹಲಗೆಯಲ್ಲೂ ಚೆನ್ನೆಮಣೆಯಂತೆ ಸಾಲಾಗಿ ಇಪ್ಪತ್ತು ಗುಳಿ. ದೇವರೇ ಹೊಂದಿಸಿದ ಹಾಗಿದೆ ಎಂದು ಇಬ್ಬರೂ ಅಂದುಕೊಂಡರು.

ಬೇಟೆ ತೆರೆಯಲು ಇನ್ನೊಂದು ವಾರವಿದ್ದ ಶನಿವಾರ ಮಧ್ಯಾಹ್ನ ಓರ್ವಿಲ್ ಬಾಗಿಲಲ್ಲೇ ನಿಂತ. "ಇವತ್ತು ನಾನು ಒಳಗೆ ಬರಲ್ಲ. ಒಬ್ಬಳೇ ಮಾಡು. ಅಡಿಗೆಮನೇಲಿ ಇರ್ತೀನಿ. ಮನೆ ಹಾರಿಸಬೇಡ, ಸಾಲ ಈಗ ತಾನೇ ತೀರಿದೆ."

ಅವಳು ಡಬ್ಬಿಯ ಹೆಸರನ್ನು ಎರಡು ಸಲ ಓದಿದಳು. ಪುಸ್ತಕದ ಸಾಲಿಗೆ ಬೆರಳಿಟ್ಟಳು. ತಕ್ಕಡಿಯ ಮುಳ್ಳು ಸೊನ್ನೆಗೆ ತಂದಳು. ಮೇಜಿಗೆ ಬಿಗಿದ ಅಳತೆಯ ಯಂತ್ರಕ್ಕೆ ಮದ್ದು ಸುರಿದು, ಹಿಡಿಕೆ ಎತ್ತಿ ಇಳಿಸಿ, ಬಿದ್ದ ಒಂದು ಅಳತೆಯನ್ನು ತೂಗಿದಳು. ಸರಿಯಾಗಿತ್ತು. ಹಳೆಯ ಕೋವಿಗೆ ಕೊಂಚವೇ ಮದ್ದು ಸಾಕು, ಚಿಪ್ಪಿನ ಅರ್ಧವೂ ತುಂಬದು. ಅಪಾಯವಿರುವುದೂ ಅಲ್ಲೇ. ಅಳತೆ ಎರಡು ಸಲ ಬಿದ್ದರೂ ಉಕ್ಕುವುದಿಲ್ಲ, ಚಿಪ್ಪು ಸುಮ್ಮನೆ ನುಂಗಿಕೊಳ್ಳುತ್ತದೆ. ಕೋವಿ ಮಾತ್ರ ನುಂಗದು, ಕೆನ್ನೆಯ ಪಕ್ಕದಲ್ಲೇ ಸಿಡಿಯುತ್ತದೆ.

ಒಂದೊಂದೇ ಚಿಪ್ಪನ್ನು ಯಂತ್ರದ ಬಾಯಿಗೆ ಹಿಡಿದು, ಒಂದು ಸಾಲು ಹೇಳಿ, ಹಿಡಿಕೆ ಎತ್ತಿ ಇಳಿಸಿ, ಗುಳಿಯಲ್ಲಿ ನಿಲ್ಲಿಸುತ್ತ ಹೋದಳು.

ಹಟ್ಟಿಯ ಹಸು ಮಲಗಿತು, ಹಸುವಿನ ಉಸಿರು ಮಲಗಿತು. ಒಂದು ಚಿಪ್ಪು.

ಬೇಲಿಯಾಚೆಯ ಬೆಟ್ಟ ತನ್ನ ನೆರಳನ್ನೇ ಹೊದ್ದಿತು. ಇನ್ನೊಂದು.

ಹಿಮದಡಿಯ ಹೊಳೆಗೆ ಹಾಸಿಗೆ ಹಾಸಿದವರಾರು. ಮತ್ತೊಂದು.

ಮೂರು ಸಾಲು ಕಳೆಯುವಷ್ಟರಲ್ಲಿ ಕೊಟ್ಟಿಗೆ ಮೆಲ್ಲಗೆ ಕರಗತೊಡಗಿತು. ಅಪ್ಪನ ಕಂಬಳಿಕೋಟಿನ ವಾಸನೆ ಬಂತು. ಹೊಗೆಸೊಪ್ಪು, ಕುದುರೆ, ಚಳಿ. ಮಂಚದ ಇನ್ನೊಂದು ತುದಿಯಲ್ಲಿ ಪುಟ್ಟ ಡೆಲ್ಮರನ ತಣ್ಣನೆ ಪಾದ. ಕಿಟಕಿಯ ಗಾಜಿನ ಮೇಲೆ ಹಿಮ ಬರೆದ ಜರಿಗಿಡಗಳು. ಅಪ್ಪನ ದನಿ ಮಂಚದ ಮೇಲೆ ನಡೆದಾಡುತ್ತಿತ್ತು, ಬೆಕ್ಕಿನ ಹೆಜ್ಜೆಯಲ್ಲಿ. ಎಂಟನೆಯ ಸಾಲು ಬಂತು: ನೀನು ಎಚ್ಚರವಿರುವೆ, ಅದಕ್ಕೇ ನಮಗೆ ನಿದ್ದೆ. ಆಮೇಲೆ ಒಂಬತ್ತು, ಹತ್ತು. ಹಿಡಿಕೆ ಏಳುತ್ತಿತ್ತು, ಇಳಿಯುತ್ತಿತ್ತು. ಮಲಗಿಸುವ ಕೈಯೇ ಕೆಲಸ ಮಾಡುತ್ತಿದೆಯೋ ಎಂಬಂತೆ.

ಇಪ್ಪತ್ತನೆಯ ಸಾಲಿಗೆ ಇಪ್ಪತ್ತನೆಯ ಗುಳಿ ತುಂಬಿತು. ಬ್ಯಾಟರಿ ದೀಪ ಹಿಡಿದು ಪ್ರತಿಯೊಂದರ ಬಾಯೊಳಗೂ ಇಣುಕಬೇಕೆಂಬುದು ಕೊನೆಯ ನಿಯಮ. ದೀಪ ಎತ್ತಿಕೊಂಡಳು. ಅದೇ ಗಳಿಗೆಯಲ್ಲಿ ಪಡುವಣ ಕಿಟಕಿಯಿಂದ ಬಿಸಿಲು ಓರೆಯಾಗಿ ಬಂದು ಹಲಗೆಯ ಮೇಲೆ ಕೂತಿತು. ಇಪ್ಪತ್ತು ಹಿತ್ತಾಳೆ ಬಾಯಿಗಳೂ ಒಟ್ಟಿಗೆ ಹೊನ್ನಾದವು. ಅವಳು ಒಂದೊಂದನ್ನೇ ನೋಡಿದಳು. ಕಂಡದ್ದು ಬೆಳಕು. ಮದ್ದನ್ನು ಕಂಡೆನೆಂದು ತಿಳಿದಳು. ಗುಂಡುಗಳನ್ನು ಒತ್ತಿ ಮುಚ್ಚಿದಳು.

"ಎಣಿಕೆ?" ಎಂದು ಓರ್ವಿಲ್ ಕೇಳಿದ.

"ಇಪ್ಪತ್ತು ಸಾಲು, ಇಪ್ಪತ್ತು ತೋಟಾ. ಒಂದೂ ಮಿಕ್ಕಿಲ್ಲ, ಒಂದೂ ಸಾಲದೆ ಬಂದಿಲ್ಲ."

"ದೀಪ ಹಿಡಿದು ನೋಡಿದ್ಯಾ?"

"ನೋಡಿದೆ."

ಅವಳು ಸುಳ್ಳು ಹೇಳಲಿಲ್ಲ. ಸಂಜೆ ಡೆಲ್ಮರ್ ಬಂದು ತೋಟಾಗಳ ಡಬ್ಬಿ ಕುಲುಕಿ ನೋಡಿ, ಕೋವಿಯ ಜೊತೆ ಒಯ್ದ. ನಾಳೆ ಬೆಳಿಗ್ಗೆ ಜಲ್ಲಿ ಕ್ವಾರಿಯಲ್ಲಿ ಗುರಿ ಸರಿಮಾಡಿ ತರುತ್ತೇನೆ ಎಂದ. "ನಾಳೆ ಭಾನುವಾರ," ಎಂದಳು ಸಿಗ್ನಿ. "ನನ್ನ ಪಾಲಿಂದೂ ನೀನೇ ಪ್ರಾರ್ಥನೆ ಮಾಡ್ಬಿಡು. ನಿನ್ನ ದನಿ ಚೆನ್ನಾಗಿದೆ, ದೇವರು ನಿನ್ನದೇ ಕೇಳೋದು," ಎಂದು ಅವನು ಹೋದ.

ಮರುದಿನ ಕಣಿವೆ ತುಂಬ ಮಂಜು. ಬಿಳಿ ಮರದ ಚರ್ಚು ಹಾಲಿನ ಪಾತ್ರೆಯಲ್ಲಿ ತೇಲುವ ಸಕ್ಕರೆಯಚ್ಚಿನಂತಿತ್ತು. ಸಿಗ್ನಿ ಓರ್ವಿಲ್‌ನ ಪಕ್ಕ ಕೂತಿದ್ದಳು. ಪಾಸ್ಟರ್ ಮಾರ್ಲಿಸ್ ಕೀರ್ತನೆಯ ಸಾಲೊಂದನ್ನು ಓದಿದಳು. ಸಭೆ ಅದೇ ಸಾಲನ್ನು ಮರಳಿ ಹೇಳಿತು. ಅವಳೊಂದು, ಸಭೆಯೊಂದು. ಚಿಕ್ಕಂದಿನಿಂದ ಕೇಳಿದ ಏರಿಳಿತ. ಸಿಗ್ನಿಯ ಕಣ್ಣು ಅರೆಮುಚ್ಚಿತ್ತು.

ಆಗ ಮಡಿಲಲ್ಲಿ ಏನೋ ಅಲುಗಿತು. ನೋಡಿದಳು. ಅವಳದೇ ಬಲಗೈ. ಪಾಸ್ಟರ್ ಓದಿದಾಗ ಕೈ ಒಮ್ಮೆ ಮೇಲೆದ್ದು ಇಳಿಯಿತು. ಸಭೆ ಅದೇ ಸಾಲು ಹೇಳಿದಾಗ ಇನ್ನೊಮ್ಮೆ ಎದ್ದು ಇಳಿಯಿತು. ಎಡಗೈ ಮಾತ್ರ ಇದ್ದಲ್ಲೇ ಇತ್ತು, ಬೆರಳುಗಳು ಇಲ್ಲದ ಚಿಪ್ಪೊಂದನ್ನು ಹಿಡಿದಂತೆ.

ಎಂಟನೆಯ ಸಾಲು. ಅದನ್ನು ಅಪ್ಪ ಒಮ್ಮೆ ಹೇಳುತ್ತಿದ್ದ. ಆಮೇಲೆ ಮಕ್ಕಳಿಬ್ಬರೂ ಸೇರಿ ಅದನ್ನೇ ಹೇಳಬೇಕಿತ್ತು. ಅದೊಂದನ್ನು ಮಾತ್ರ. ನಿನ್ನೆಯೂ ಅವಳ ಬಾಯಿ ಅದನ್ನು ಹಾಗೇ ಎರಡು ಸಲ ಹೇಳಿತ್ತು. ಎರಡು ಸಲ ಹೇಳಿದರೂ ಸಾಲು ಒಂದೇ. ಹಿಡಿಕೆ ಎರಡು ಸಲ ಇಳಿದರೂ ಚಿಪ್ಪು ಒಂದೇ. ಎಣಿಕೆ ತಪ್ಪದೇ ಇದ್ದದ್ದು ಅದಕ್ಕೇ.

ಅವಳು ಪಕ್ಕಕ್ಕೆ ಬಾಗಿದಳು. "ಓರ್ವಿಲ್," ಎಂದು ಪಿಸುಗುಟ್ಟಿದಳು, "ಒಂದು ಚಿಪ್ಪಿಗೆ ಎರಡು ಅಳತೆ ಹಾಕಿದೀನಿ."

"ಪ್ರಾರ್ಥನೆ ಮುಗೀಲಿ—"

"ಡೆಲ್ಮರ್ ಕ್ವಾರಿಗೆ ಹೋಗಿದಾನೆ."

ಮುದುಕ ಊರುಗೋಲಿಗೆ ಕೈಯಿಟ್ಟ. ಸಭೆಯ ನಡುವೆಯೇ ಇಬ್ಬರೂ ಎದ್ದು ಹೊರಟರು. ಹಿಂದಿನ ಸಾಲಿನ ಹೆಂಗಸು ಯಾರಿಗೋ ಹೊಟ್ಟೆ ಕೆಟ್ಟಿದೆ ಎಂದುಕೊಂಡು ಜಾಗ ಬಿಟ್ಟಳು.

ಕಣಿವೆಯಲ್ಲಿ ಫೋನು ಹತ್ತುವುದಿಲ್ಲ. ಆದರೂ ಸಿಗ್ನಿ ಪ್ರಯತ್ನಿಸಿದಳು. ಅವಳ ಪಿಕಪ್ ಟ್ರಕ್ಕು ಮಂಜಿನೊಳಗೆ ನುಗ್ಗಿತು. ಕೊಯ್ದ ಗೋಧಿಹೊಲಗಳ ಮೇಲೆ ಮಂಜು ಮಲಗಿತ್ತು, ಹೊಳೆಯ ಬದಿಯ ಮರಗಳ ಹಳದಿ ತುದಿಗಳಷ್ಟೇ ಮೇಲೆ ತೇಲುತ್ತಿದ್ದವು. ಎಲ್ಲೋ ಎತ್ತರದಲ್ಲಿ ಹೆಬ್ಬಾತುಗಳು ಕರೆಯುತ್ತಿದ್ದವು. ಇದು ಕನಸು, ಎಚ್ಚರವಾದರೆ ಸಾಕು ಎಂದು ಅವಳಿಗನ್ನಿಸಿತು. ನಿನ್ನೆಯೂ ಹೀಗೇ ಅನ್ನಿಸಿದ್ದರೆ!

ಕಿಟಕಿ ಇಳಿಸಿದಳು. ದೂರದಲ್ಲಿ ಒಂದು ಈಡು. ದುಂಡಗಿನ, ಮೆತ್ತಗಿನ ಸದ್ದು.

"ಅದು ಒಳ್ಳೇದು," ಎಂದ ಓರ್ವಿಲ್. "ಅದು ಸರಿಯಾಗಿರೋದು."

ಆಮೇಲೆ ಸದ್ದಿಲ್ಲ. ಕೋವಿ ತಣಿಯಲೆಂದು ಅವನು ಕಾಯುತ್ತಿರಬೇಕು, ಇಲ್ಲವೇ ಗುರಿಗಿಟ್ಟ ಪ್ಲೇಟಿನ ತೂತು ನೋಡಲು ನಡೆದಿರಬೇಕು, ಇಲ್ಲವೇ... ಸಿಗ್ನಿಗೆ ಮುಂದಕ್ಕೆ ಯೋಚಿಸಲಾಗಲಿಲ್ಲ. ಸೇತುವೆ ದಾಟಿತು. ಹಾಳು ಗಿರಣಿ ದಾಟಿತು. ಇನ್ನೊಂದು ಈಡು ಕೇಳಿ ಅವಳ ಕಣ್ಣಲ್ಲಿ ನೀರು ಬಂತು. ಈಡಿನ ಸದ್ದಿಗೆ ದೇವರಿಗೆ ಕೈಮುಗಿದ ದಿನ ಅವಳ ಬಾಳಲ್ಲಿ ಅದೊಂದೇ.

"ತಪ್ಪು ನಂದು," ಎಂದಳು.

ಓರ್ವಿಲ್ ಎದುರಿನ ಗಾಜನ್ನು ಅಂಗೈಯಿಂದ ಒರೆಸುತ್ತಲೇ ಇದ್ದ, ಮಂಜು ಹೊರಗಿದ್ದರೂ.

ಕ್ವಾರಿಯ ಬಾಯಿಗೆ ಬರುವವರೆಗೂ ಅವಳು ಹಾರನ್ನಿನ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ಡೆಲ್ಮರ್ ಮರದ ಪೆಟ್ಟಿಗೆಯ ಹಿಂದೆ ಕೂತು, ಕೆನ್ನೆಯನ್ನು ಕೋವಿಗೆ ಒತ್ತಿದ್ದ. ತಲೆಯೆತ್ತಿದ.

"ಏನು ಸಿಗ್ನಿ, ದೇವರು ಇಷ್ಟು ಬೇಗ ಬಿಟ್ಟುಕಳಿಸಿದ್ನಾ? ಓರ್ವಿಲ್‌ನ್ನೂ ಕರ್ಕೊಂಡ್ ಬಂದಿದೀಯಾ! ಕಾಣಿಕೆ ಡಬ್ಬ ಕದ್ದು ಓಡಿಬಂದ್ರಾ ಇಬ್ಬರೂ?"

"ಕೈ ತೆಗಿ. ಬೆರಳು ತೆಗಿ ಡೆಲ್. ಕೋವಿ ಇಳಿಸು."

"ಅರೆ, ಇದೊಂದು—"

"ಇಳಿಸೋ!"

ಬಸ್ಸಿನಲ್ಲಿ ನಲವತ್ತು ಮಕ್ಕಳನ್ನು ಒಮ್ಮೆಗೇ ಕೂರಿಸುವ ದನಿ ಅದು. ಡೆಲ್ಮರ್ ಇಳಿಸಿದ. ಕೋವಿಯ ಸನ್ನೆಗೋಲು ಎಳೆದು ಒಳಗಿದ್ದ ತೋಟಾ ತೆಗೆದು ಡಬ್ಬಿಗೆ ಹಾಕಿದ. ಅದು ಉಳಿದವುಗಳ ನಡುವೆ ಉರುಳಿ ಸೇರಿಹೋಯಿತು. ಒಂಬತ್ತು ಹಾರಿಸಿದ್ದ. ಹನ್ನೊಂದು ಉಳಿದಿದ್ದವು. ಸಿಗ್ನಿ ವಿಷಯ ಹೇಳಿದಳು. ಕೈ ಎದ್ದಿಳಿದದ್ದನ್ನೂ ಹೇಳಿದಳು.

"ಚರ್ಚಲ್ಲಿ ಕೈ ಅಲ್ಲಾಡಿತು ಅಂತ ಹಿಂಗೆ ಓಡಿಬಂದ್ಯಾ?" ಡೆಲ್ಮರ್ ನಕ್ಕ. "ನನಗೆ ಚರ್ಚಲ್ಲಿ ತಲೆನೇ ಅಲ್ಲಾಡತ್ತೆ. ಒಂಬತ್ತೂ ಬೆಣ್ಣೆ ಹಂಗೆ ಹೋಗಿವೆ."

"ಹನ್ನೊಂದನ್ನೂ ಬಿಚ್ಚಿ ನೋಡೋಣ," ಎಂದ ಓರ್ವಿಲ್.

"ಬಿಚ್ಚಿದ್ರೆ ಶನಿವಾರಕ್ಕೆ ಏನು? ಕಲ್ಲು ಹೊಡೀಲಾ?"

"ಕಣ್ಣೆರಡೂ ಇದ್ರೆ ಕಲ್ಲಾದ್ರೂ ಹೊಡೀಬಹುದು. ನಡಿ."

ಮಧ್ಯಾಹ್ನಕ್ಕೆ ಮಂಜು ಹರಿದಿತ್ತು. ಕೊಟ್ಟಿಗೆಯಲ್ಲಿ ಮೂವರೂ ಕನ್ನಡಕ ಹಾಕಿ ನಿಂತರು. ಓರ್ವಿಲ್‌ನ ಬಳಿ ಸುತ್ತಿಗೆಯಂಥ ಟೊಳ್ಳು ತಲೆಯ ಸಾಧನವೊಂದಿತ್ತು. ಅದರೊಳಗೆ ತೋಟಾ ಸಿಕ್ಕಿಸಿ ಮರದ ದಿಮ್ಮಿಗೆ ಬಡಿದರೆ ಗುಂಡು ಸಡಿಲಿ, ಮದ್ದು ಒಳಗೇ ಉದುರಿ ನಿಲ್ಲುತ್ತದೆ. ಡೆಲ್ಮರ್ ಬಡಿದ, ಓರ್ವಿಲ್ ತೂಗಿದ, ಸಿಗ್ನಿ ನೋಡಿದಳು.

ಮೊದಲನೆಯದು ಸರಿ. ಎರಡನೆಯದು ಸರಿ. "ನೋಡ್ದ್ಯಾ?" ಎಂದ ಡೆಲ್ಮರ್. ಮೂರನೆಯದು ಸರಿ. ನಾಲ್ಕನೆಯದಕ್ಕೆ ಅವನು ಸಿಳ್ಳೆ ಹಾಕುತ್ತಿದ್ದ. ಐದು. ಆರು.

ಏಳನೆಯದನ್ನು ಓರ್ವಿಲ್ ತಕ್ಕಡಿಯ ತಟ್ಟೆಗೆ ಸುರಿದ. ಸುರಿದಷ್ಟೂ ಬರುತ್ತಿತ್ತು. ತಟ್ಟೆ ಇಳಿಯಿತು, ಏಳಲಿಲ್ಲ. ಆ ಬೂದು ಗುಡ್ಡೆ ಉಳಿದವಕ್ಕಿಂತ ಬೇರೆಯಾಗಿ ಕಾಣುತ್ತಿರಲಿಲ್ಲ, ಸ್ವಲ್ಪ ಎತ್ತರ, ಅಷ್ಟೆ. ಓರ್ವಿಲ್ ಅದನ್ನು ಎರಡು ಪಾಲು ಮಾಡಿದ. ಒಂದೊಂದೂ ಪುಸ್ತಕದ ಅಳತೆಗೆ ಸರಿಯಾಗಿ ನಿಂತಿತು.

ಡೆಲ್ಮರ್ ತನ್ನ ಬಲಗೆನ್ನೆಯನ್ನು ಮುಟ್ಟಿಕೊಂಡ. ಸುತ್ತಿಗೆಯನ್ನು ಮೆಲ್ಲನೆ ಮೇಜಿನ ಮೇಲಿಟ್ಟ. ಹೊರಗೆ ಹೋಗಿ, ಬೇಲಿಯ ಕಂಬ ಹಿಡಿದು ಬಹಳ ಹೊತ್ತು ಬೆಟ್ಟ ನೋಡುತ್ತ ನಿಂತ. ಮರಳಿ ಬಂದಾಗ, "ಸಿಕ್ಕಿತಲ್ಲ. ಉಳಿದ ನಾಲ್ಕು ಇರಲಿ," ಎಂದ. ದನಿ ಸಣ್ಣದಾಗಿತ್ತು.

"ಒಂದೇ ಅಂತ ನಿನಗ್ಯಾರು ಹೇಳಿದ್ದು? ಬಡಿ."

ನಾಲ್ಕನ್ನೂ ಬಿಚ್ಚಿದರು. ಸರಿಯಾಗಿದ್ದವು. ಮದ್ದನ್ನೆಲ್ಲ ಓರ್ವಿಲ್ ಮತ್ತೆ ಡಬ್ಬಿಗೆ ಹಾಕಲಿಲ್ಲ. ಹಿತ್ತಲಿನ ತೋಟಕ್ಕೆ ಒಯ್ದು ತೆಳ್ಳಗೆ ಚೆಲ್ಲಿದ.

ಸಿಗ್ನಿ ಕನ್ನಡಕ ತೆಗೆದಳು. "ಇದು ನನ್ನ ಕೈಲಾಗೋದಲ್ಲ. ಕೋವಿ ಗೋಡೆಗೇ ಹಾಕ್ತೀನಿ."

ಓರ್ವಿಲ್ ಪೀಪಾಯಿಯ ಮೇಲೆ ಕೂತ. ಎಂಬತ್ತೊಂದು ವರ್ಷದ ಬೆನ್ನು ಅವತ್ತು ಮೊದಲ ಸಲ ಬಾಗಿದಂತಿತ್ತು. "ರೇಡಿಯೋ ಬೇಡ ಅಂದೆ. ಮಾತು ಬೇಡ ಅಂದೆ. ಅದಕ್ಕಿಂತ ಬಲವಾದ್ದನ್ನ ನಾನೇ ನಿನ್ನ ಬಾಯಿಗೆ ಇಟ್ಟೆ. ನನಗೆ ಆ ಪದ್ಯಗಳ ಅರ್ಥ ಅರ್ಧಕ್ಕರ್ಧ ಗೊತ್ತಿಲ್ಲ, ಅದಕ್ಕೇ ಅವು ನನ್ನ ಎಲ್ಲಿಗೂ ಕರ್ಕೊಂಡು ಹೋಗ್ಲಿಲ್ಲ. ನಿನ್ನದು ನಿಮ್ಮಪ್ಪನ್ನ ಕರ್ಕೊಂಡು ಬಂತು." ಊರುಗೋಲಿನ ತುದಿಯಿಂದ ನೆಲದ ಮೇಲೊಂದು ಗೆರೆ ಎಳೆದ. "ದೇವರ ಮಾತನ್ನ ಎಣಿಕೆ ಕಾಳು ಮಾಡ್ಕೊಂಡೆ ಸಿಗ್ನಿ. ಐವತ್ತು ವರ್ಷ. ಇನ್ನು ಈ ಮೇಜಿನ ಹತ್ರ ನನ್ನ ಬಾಯಿಯಿಂದ ಪದ್ಯ ಬರಲ್ಲ."

"ಅಯ್ಯೋ, ನೀವ್ಯಾಕೆ ಬಿಡ್ತೀರಾ?"

"ಬೇರೆ ಕಡೆ ಹೇಳ್ತೀನಿ. ಹಸು ಹತ್ರ ಹೇಳ್ತೀನಿ. ಅದಕ್ಕೆ ಮದ್ದು ತುಂಬೋ ಕೆಲಸ ಇಲ್ಲ." ಎದ್ದು ಹಲಗೆಯನ್ನು ಬದಿಗೆ ತಳ್ಳಿದ. "ಇನ್ನೊಂದು ದಾರಿ ಇದೆ. ನಿಧಾನದ್ದು. ಚಿಪ್ಪು ಸಾಲಾಗಿ ನಿಲ್ಲಿಸೋದೇ ಬೇಡ. ಒಂದು ತಗೋ, ಮದ್ದು ತಕ್ಕಡೀಲಿ ತೂಗು, ಹಾಕು, ದೀಪ ಹಿಡಿದು ನೋಡು, ಅಲ್ಲೇ ಗುಂಡು ಒತ್ತು. ಅದು ಮುಗಿದ ಮೇಲೇ ಇನ್ನೊಂದು. ಎಣಿಸೋ ಹಾಗೇ ಇಲ್ಲ."

ಸಿಗ್ನಿ ತಮ್ಮನ ಮುಖ ನೋಡಿದಳು. ಡೆಲ್ಮರ್ ಕಿಟಕಿಗೆ ಗೋಣಿ ಅಡ್ಡ ಕಟ್ಟಿ ಬಿಸಿಲು ತಡೆದ. ದೀಪ ಎತ್ತಿ ಹಿಡಿದ. "ಮಾಡು. ಕೈ ನಡುಗಿದ್ರೆ ನಿಲ್ಸು. ನನಗೇನು ಮನೇಲಿ ಔತಣ ಕಾಯ್ತಿಲ್ಲ, ನಿನ್ನೆ ಸೂಪೇ."

ಅವಳು ಮತ್ತೆ ಕನ್ನಡಕ ಹಾಕಿದಳು. ಡಬ್ಬಿಯ ಹೆಸರು ಓದಿದಳು. ಪುಸ್ತಕಕ್ಕೆ ಬೆರಳಿಟ್ಟಳು. ಬಾಯಲ್ಲಿ ಸಾಲೊಂದು ಎದ್ದು ಬಂತು; ತುಟಿ ಕಚ್ಚಿ ಅದನ್ನು ಒಳಗೇ ತಡೆದಳು. ಆ ಮೌನ ಮೊದಮೊದಲು ಬೆತ್ತಲೆ ಅನ್ನಿಸಿತು. ಮೆಲ್ಲಗೆ ಅದರೊಳಗಿನ ಸದ್ದುಗಳು ಕೇಳತೊಡಗಿದವು: ತಟ್ಟೆ ತೂಗಾಡುವುದು, ಡೆಲ್ಮರನ ಉಸಿರು, ಮದ್ದು ಜಾರುವುದು. ಚಿಪ್ಪಿನೊಳಗೆ ಇಣುಕಿದಳು. ಬೂದು ಬಣ್ಣದ ಮದ್ದು ಅರ್ಧಕ್ಕೂ ಕೆಳಗೆ, ಸಪ್ಪಗೆ, ತನ್ನ ಪಾಡಿಗೆ ಕೂತಿತ್ತು. ಗುಂಡು ಒತ್ತಿದಳು.

ಐದು ತೋಟಾಗಳಿಗೆ ಒಂದೂವರೆ ಗಂಟೆ ಹಿಡಿಯಿತು. ಮೂವರೂ ಸೋಪು ಹಾಕಿ ಕೈ ತೊಳೆದು, ಓರ್ವಿಲ್ ಕೊಟ್ಟ ಆಲೂಗಡ್ಡೆ ರೊಟ್ಟಿಗೆ ಬೆಣ್ಣೆ ಸಕ್ಕರೆ ಸವರಿ ಸುತ್ತಿ ತಿಂದು, ಕ್ವಾರಿಗೆ ಮರಳಿದರು. ಬಿಸಿಲು ಇನ್ನೂ ಇತ್ತು. ಡೆಲ್ಮರ್ ಕೋವಿಗೆ ಕೈ ಚಾಚಿದ.

"ಬೇಡ," ಎಂದಳು ಸಿಗ್ನಿ. "ಕಟ್ಟಿದವಳು ನಾನು. ಮೊದಲು ನನ್ನ ಕೆನ್ನೆ."

ಅದನ್ನು ಓರ್ವಿಲ್ ಕಲಿಸಿರಲಿಲ್ಲ. ಅವನು ಟ್ರಕ್ಕಿಗೆ ಒರಗಿ ಟೋಪಿ ತೆಗೆದು ನಿಂತ. ಡೆಲ್ಮರ್ ಪೆಟ್ಟಿಗೆ ಬಿಟ್ಟು ಎದ್ದ. ಸಿಗ್ನಿ ಕೂತಳು. ಹಿಡಿಯ ಮರ ತಣ್ಣಗೆ ಕೆನ್ನೆಗೆ ಬಂತು. ದೂರದ ಮಣ್ಣುಗೋಡೆಗೆ ಚುಚ್ಚಿದ ಕಾಗದದ ಪ್ಲೇಟು ನೀರಿನ ಮೇಲಿನ ಚಂದ್ರನಂತೆ ಅಲುಗುತ್ತಿತ್ತು. ಅದು ನಿಲ್ಲುವವರೆಗೆ ಕಾದಳು. ಬೆರಳಿನಿಂದ ಕೋವಿಯ ಕುದುರೆ ಎಳೆದಳು.

ದುಂಡಗಿನ, ಮೆತ್ತಗಿನ ಸದ್ದು. ಭುಜಕ್ಕೊಂದು ನೂಕು. ಹೊಗೆಯ ಎಳೆಯೊಂದು ಬಿಸಿಲಲ್ಲಿ ಬಿಚ್ಚಿಕೊಂಡು ಹೋಯಿತು. ಕಣ್ಣು ತೆರೆದೇ ಇತ್ತು, ಎರಡೂ. ಉಳಿದ ನಾಲ್ಕನ್ನೂ ಅವಸರವಿಲ್ಲದೆ ಹಾರಿಸಿದಳು.

ಡೆಲ್ಮರ್ ನಡೆದುಹೋಗಿ ಪ್ಲೇಟು ಕಿತ್ತು ತಂದ. ಐದೂ ತೂತು ಎಡಗಡೆಯ ಕೆಳ ಅಂಚಿನಲ್ಲಿ, ಒಂದಂತೂ ಅಂಚನ್ನೇ ಕಚ್ಚಿತ್ತು.

"ಈ ಗುರಿಗೆ ಜಿಂಕೆ ನಕ್ಕು ನಕ್ಕೇ ಸಾಯಬೇಕು ಸಿಗ್ನಿ," ಎಂದ. ಆಮೇಲೆ ಖಾಲಿ ಚಿಪ್ಪುಗಳನ್ನು ಒಂದೊಂದಾಗಿ ಹೆಕ್ಕಿ, ಇನ್ನೂ ಬೆಚ್ಚಗಿದ್ದ ಅವನ್ನು ಅವಳ ಅಂಗೈಗೆ ಸುರಿದ. "ಶನಿವಾರಕ್ಕೆ ಹತ್ತು ಮಾಡಿಡು. ನನಗೆ ಐದು, ನಿನಗೆ ಐದು. ನಾಳೆ ಸಂಜೆ ದೀಪ ಹಿಡಿಯೋಕೆ ಬರ್ತೀನಿ."